ಟವೆಲ್ಲಿನ ಇನ್ನೊಂದು ತುದಿ

೨೦೦೬, ಫೆಬ್ರವರಿ ೧೨, ರವಿವಾರ, ಬೆಳಿಗ್ಗೆ ಏಳೂ ಇಪ್ಪತ್ತು. ಅಕ್ಕ ಮಗಳನ್ನು ಗೋಡೆಗೆ ಆನಿಸಿ ನಿಲ್ಲಿಸಿ ಕೈ ಬಿಟ್ಟಳು. ಕೂಸು ತಕ್ಷಣ ಕೂತುಬಿಟ್ಟಿತು. ನನ್ನ ನೋಟಬುಕ್ಕಿನ ಪ್ರಕಾರ ಅದು ಆ ವಾರದ ಆರನೆಯ ಪ್ರಯತ್ನ.

ಕೂಸಿಗೆ ಆಗ ಹದಿನಾಲ್ಕು ತಿಂಗಳು. ಹಲ್ಲು ಎಂಟು. ಮಾತು ಐದು: ಅವ್ವ, ಆಯಿ, ಬಾ, ಬ್ಯಾಡ, ಮತ್ತೆ ನಾಯಿಗೂ ಬೆಕ್ಕಿಗೂ ಒಂದೇ ಆದ 'ಬೌ'. ಬಟ್ಟಲಿನ ಕೆಳಗೆ ಬಚ್ಚಿಟ್ಟ ಚಮಚವನ್ನು ಹುಡುಕಿ ತೆಗೆಯುತ್ತಿತ್ತು, ಯಾರು ಹೊರಟರೂ ಟಾಟಾ ಮಾಡುತ್ತಿತ್ತು. ನಡೆಯುವುದೊಂದೇ ಇಲ್ಲ. ಶಿವರಾತ್ರಿಗೆ ರಾಣೆಬೆನ್ನೂರಿನಿಂದ ಅಕ್ಕನ ಅತ್ತೆ ಬಂದು ಇಬ್ಬರನ್ನೂ ಕರೆದೊಯ್ಯುವವರಿದ್ದರು. ಅವರ ಪಕ್ಕದ ಮನೆಯ ಕೂಸು ಹನ್ನೊಂದನೆಯ ತಿಂಗಳಿಗೇ ಓಡಾಡುತ್ತಿತ್ತಂತೆ.

"ಕಾಲಾಗ ಏನರೆ ದೋಷ ಇದ್ರ ಏನ್ ಮಾಡ್ಲೇ?" ಎನ್ನುತ್ತ ಅಕ್ಕ ಒಂದೇ ರೊಟ್ಟಿಗೆ ಊಟ ಬಿಟ್ಟು ಏಳುತ್ತಿದ್ದಳು.

ಹದಿನಾಲ್ಕನೆಯ ತಾರೀಖು ಹಾವೇರಿಗೆ ಹೋಗಿ ಮಕ್ಕಳ ಡಾಕ್ಟರಿಗೆ ತೋರಿಸಿದೆವು. ಅವರು ಕಾಲು ಮಡಚಿ, ಬಿಡಿಸಿ, ಅಂಗಾಲಿಗೆ ಕಚಗುಳಿ ಇಟ್ಟರು.

"ಕಾಲು ಗಟ್ಟಿ ಅದಾವು. ದಿನಕ್ಕ ಎಷ್ಟೊತ್ತು ನೆಲದ ಮ್ಯಾಲೆ ಬಿಡ್ತೀರಿ?"

ಅಕ್ಕ ನನ್ನ ಮುಖ ನೋಡಿದಳು. ನಾನು ನೋಟಬುಕ್ಕು ತೆರೆದೆ. ನೆಲದ ಲೆಕ್ಕ ಇರಲಿಲ್ಲ. 'ಬಿದ್ದದ್ದು' ಎಂಬ ಕಾಲಮ್ಮಿತ್ತು. ಜನವರಿಯಿಂದ ಸಾಲಾಗಿ ಸೊನ್ನೆ. ಹೆಮ್ಮೆಯಿಂದಲೇ ತೋರಿಸಿದೆ.

ಡಾಕ್ಟರ್ ನಕ್ಕರು. "ಒಮ್ಮಿನೂ ಬಿದ್ದಿಲ್ಲ ಅಂದ್ರ ಒಮ್ಮಿನೂ ಕೆಳಗ ಬಿಟ್ಟಿಲ್ಲ ಅಂತಾತಲ್ಲ, ತಂಗಿ!"

ಗೋಡೆಗೆ ಆನಿಸಿ ನಿಲ್ಲಿಸಿದ್ದೊಂದು ಬಿಟ್ಟರೆ ಅದು ನಿಜವೇ ಆಗಿತ್ತು. ಬ್ಯಾಡಗಿಯ ನಮ್ಮ ಮನೆಯಲ್ಲಿ ಸುಗ್ಗಿಯ ದಿನಗಳಲ್ಲಿ ನೆಲ ಕಾಣುವುದಿಲ್ಲ. ಪಡಸಾಲೆ ತುಂಬ ಮೆಣಸಿನಕಾಯಿ, ಅದರ ಸುತ್ತ ತೊಟ್ಟು ಬಿಡಿಸುವ ಓಣಿಯ ಹೆಂಗಸರು. ಖಾರದ ಕೈಯನ್ನು ಕಣ್ಣಿಗೆ ಹಚ್ಚಿಕೊಂಡೀತೆಂದು ಕೂಸನ್ನು ಒಬ್ಬರ ಬಗಲಿನಿಂದ ಇನ್ನೊಬ್ಬರ ಬಗಲಿಗೆ ದಾಟಿಸುತ್ತಿದ್ದೆವು. ಯಾರೂ ಸಿಗದಿದ್ದರೆ ತೊಟ್ಟಿಲು.

ಅವತ್ತೇ ಸಂಜೆ ಅವ್ವ ಒಳಕೋಣೆಯ ಚೀಲಗಳನ್ನೆಲ್ಲ ಹೊರಗೆ ಹಾಕಿಸಿ, ನೆಲವನ್ನು ಮೂರು ಸಲ ಒರೆಸಿದಳು. ಮರುದಿನದಿಂದ ನನ್ನ ಕಾಲಮ್ಮು ತುಂಬತೊಡಗಿತು: ಬುಧವಾರ ಒಂಬತ್ತು, ಗುರುವಾರ ಇಪ್ಪತ್ತೆರಡು, ಶುಕ್ರವಾರ ಮೂವತ್ತೊಂದು.

"ಕೂಸು ಬಿದ್ದದ್ದು ಬರಕೊಂಡು ಖುಷಿಪಡೋ ಚಿಗವ್ವನ್ನ ಇಲ್ಲೇ ನೋಡಿದ್ವಿ ನೋಡವಾ!" ಎಂದು ಹೆಂಗಸರು ಪಡಸಾಲೆಯಿಂದಲೇ ಆಡಿಕೊಂಡರು.

ಇಪ್ಪತ್ನಾಲ್ಕನೆಯ ತಾರೀಖು ನಾನು ತಲೆ ಒರೆಸಿಕೊಳ್ಳುತ್ತಿದ್ದ ಟವೆಲ್ಲಿನ ಒಂದು ತುದಿ ಹಿಡಿದು ಕೂಸು ಎದ್ದು ನಿಂತಿತು. ಇನ್ನೊಂದು ತುದಿ ನನ್ನ ಕೈಯಲ್ಲಿತ್ತು. ನಾನು ಹಿಂದೆ ಹಿಂದೆ ಸರಿದೆ; ಅದು ನಾಲ್ಕು ಹೆಜ್ಜೆ ಬಂತು. ಅಷ್ಟರಲ್ಲಿ ಮೆಣಸಿನಕಾಯಿಯ ಘಾಟು ಮೂಗಿಗೆ ಹೊಡೆದು ನಾನು ಸೀನಿದೆ, ಟವೆಲ್ ಕೈಯಿಂದ ಜಾರಿತು. ಕೂಸು ನಿಲ್ಲಲಿಲ್ಲ. ಟವೆಲ್ ಎಳೆದುಕೊಂಡು ನನ್ನನ್ನು ದಾಟಿ ಇನ್ನೂ ಏಳು ಹೆಜ್ಜೆ ಹೋಯಿತು. ಆಮೇಲೆ ತಿರುಗಿ ನೋಡಿ, ಇನ್ನೊಂದು ತುದಿಯಲ್ಲಿ ಯಾರೂ ಇಲ್ಲದ್ದು ಕಂಡು ಧೊಪ್ಪನೆ ಕೂತು, ತಾನೇ ಚಪ್ಪಾಳೆ ತಟ್ಟಿತು. ಆ ದಿನ ಅಕ್ಕ ಮೂರು ರೊಟ್ಟಿ ತಿಂದಳು. ಅದನ್ನೂ ಬರೆದಿಟ್ಟಿದ್ದೇನೆ.

ಶಿವರಾತ್ರಿಯ ದಿನ ಅತ್ತೆ ಬಂದರು. ಕೂಸು ಟವೆಲ್ ಎಳೆಯುತ್ತ ಅವರತ್ತ ನಡೆಯಿತು.

"ಟವೆಲ್ ಇಲ್ಲದ ನಡಿಯಾಂಗಿಲ್ರಿ ಅತ್ತಿ," ಎಂದು ಅಕ್ಕ ಅಂಜುತ್ತಲೇ ಹೇಳಿದಳು.

"ಇವರಪ್ಪ ನನ್ನ ಸೆರಗ ಬಿಡಾಕ ಒಂದೂವರಿ ವರ್ಷ ಮಾಡ್ಯಾನ. ಇಕಿ ಲಗೂನ ಕಲತಾಳ ತಗೋ."

"ಇದನ್ನ ಮೊದಲ ಹೇಳಬಾರದಿತ್ತೇನ್ರಿ?"

"ನೀ ಕೇಳಿದ್ಯೇನವಾ?"

ಅವರು ಹೊರಡುವ ಮೊದಲು ಐದೈದು ಸಲ ಪರೀಕ್ಷೆ ಮಾಡಿದೆ. ಟವೆಲ್ ಇದ್ದರೆ ಐದಕ್ಕೆ ಐದು, ಚಮಚ ಕೊಟ್ಟರೆ ಮೂರು, ಬರಿಗೈಯಲ್ಲಿ ಸೊನ್ನೆ. ಕೂಸಿನ ಜೊತೆ ನನ್ನ ಟವೆಲ್ಲೂ ರಾಣೆಬೆನ್ನೂರಿಗೆ ಹೋಯಿತು. ನೆಲದ ಮೇಲೆ ಎಳೆದಾಡುವ ಟವೆಲ್ ಯಾರ ಭಾರವನ್ನೂ ಹೊರುವುದಿಲ್ಲ; ಆದರೂ ಅದನ್ನು ಹಿಡಿದ ಕೂಸು ಬೀಳುವುದಿಲ್ಲ ಯಾಕೆ? ಬಲ್ಲವರು ದಯವಿಟ್ಟು ನನಗೆ ಬರೆಯಿರಿ. ನಿಮ್ಮ ಮನೆಯ ಕೂಸಿಗೆ ಮೊದಲ ಹೆಜ್ಜೆ ಇಟ್ಟಾಗ ಎಷ್ಟು ತಿಂಗಳು, ಕೈಯಲ್ಲಿ ಏನು ಹಿಡಿದಿತ್ತು ಎಂಬುದನ್ನೂ ತಿಳಿಸಿರಿ. ಅದಕ್ಕೆಂದೇ ಎರಡು ಕಾಲಮ್ಮು ಖಾಲಿ ಬಿಟ್ಟಿದ್ದೇನೆ.