ಗೂಡೆಂದು ಓದಿದ ಓಲೆ

ಫಲಕಕ್ಕೆ ಆಗಷ್ಟೇ ಅಂಟಿಸಿದ ಹಾಳೆಯನ್ನು ಬೆಸ್ಸೆ ಪರ್ರನೆ ಕೀಳುತ್ತಾರೆ. ಕಿಟಕಿಯಾಚೆ ತೆಂಪೆ ಸರೋವರದ ಮೇಲೆ ಈಗಿನ್ನೂ ಬೆಳಕು ಹರಿಯುತ್ತಿದೆ.

“ಇವತ್ತೇ ಓಲೆಗಳ ಪ್ರದರ್ಶನ! ನಿನಗೇನು ದೆವ್ವ ಹಿಡೀತಾ?” ಅಂಟಿನ ಡಬ್ಬಿ ಹಿಡಿದ ಗಂಡ ಬಹಾರ್ ಕಂಗಾಲು.

“ದೆವ್ವ ಅಲ್ಲ ಕಣ್ರೀ, ಅರ್ಥ ಹಿಡೀತು! ಅದು ಗೂಡೇ ಅಲ್ಲ!”

ಸೆಂಗ್ಕಾಂಗ್ ಊರಿನ ಹಳೆಯ ಪತ್ರಾಗಾರದಲ್ಲಿ ಗುಟ್ಟಿನ ಓಲೆಗಳನ್ನು ಬಿಡಿಸುವುದು ಬೆಸ್ಸೆಯ ಕೆಲಸ. ಗುಟ್ಟು ಬರೆಯುವಾಗ ನಮ್ಮ ಬುಗಿಸ್ ಜನಾಂಗದ ಹಿರಿಯರು ಅಕ್ಷರಗಳನ್ನು ಅಂಕಿಗಳಂತೆ ತಿರುಚುತ್ತಿದ್ದರು. ಅದನ್ನು ಬಿಡಿಸಿದರೂ ಅರ್ಧ ಕೆಲಸ ಬಾಕಿ. ನಮ್ಮ ಲಿಪಿ ಪದದ ಕೊನೆಯ ವ್ಯಂಜನವನ್ನು ಬರೆಯುವುದೇ ಇಲ್ಲ. ‘ಸರಾ’ ಎಂದಿದ್ದರೆ ‘ಸರಾಂಗ್’ ಎಂದು ಓದಬಹುದು, ಗೂಡು. ‘ಸರಾಕ್’ ಎಂದೂ ಓದಬಹುದು, ಧರ್ಮದ ಕಟ್ಟಳೆ.

“ಬಾಲ ಉದುರಿದ ಹಲ್ಲಿ ಇದ್ದಂಗೆ. ಬಾಲ ನಾವೇ ಅಂಟಿಸ್ಬೇಕು. ತಪ್ಪಿದ್ರೆ ಮೊಸಳೆ ಆಗ್ಬಿಡುತ್ತೆ,” ಎಂದು ಬೆಸ್ಸೆ ನಗುತ್ತಾರೆ.

ಈ ಓಲೆ ಚಿಕ್ಕದು: ‘ಮನೆಯಲ್ಲಿ ಸರಾ ಇದೆ. ಓಡಿ ಬಾ. ನಿನ್ನ ಅಣ್ಣಂದಿರು ಹೊಸ್ತಿಲು ದಾಟಲಾರರು.’ ತಿನ್ನಲೆಂದು ಭಾರಿ ಬೆಲೆಗೆ ಮಾರುವ ಹಕ್ಕಿಗೂಡು ಕದ್ದು ಸಾಗಿಸುವವರ ಓಲೆ ಎಂದು ಬೆಸ್ಸೆಯೇ ಆ ಹಾಳೆಯಲ್ಲಿ ಬರೆದುಕೊಟ್ಟಿದ್ದರು. ಇಂದು ಬಹಾರ್ ಅಂಟು ಬಳಿಯುತ್ತಾ, “ನಿನ್ನಣ್ಣ ನೋಡೋಕೆ ಬರ್ತಾನಾ?” ಎಂದು ಕೆಣಕಿದ್ದೇ ತಡ, ಎಲ್ಲ ತಲೆಕೆಳಗಾಯಿತು.

ಬೆಸ್ಸೆ ಮನೆಯವರನ್ನು ಧಿಕ್ಕರಿಸಿ ಬಹಾರ್ ಜೊತೆ ಓಡಿಬಂದವರು. ಕತ್ತಿ ಹಿರಿದು ಬೆನ್ನಟ್ಟಿದ ಅಣ್ಣ, ಅವರಿಬ್ಬರೂ ಆಶ್ರಯ ಪಡೆದ ಇಮಾಮರ ಮನೆಯ ಹೊಸ್ತಿಲಲ್ಲೇ ನಿಂತ. ಅದರಾಚೆ ಕಟ್ಟಳೆಯ ರಕ್ಷಣೆ. ಯಾವ ಅಣ್ಣನೂ ಕಾಲಿಡುವಂತಿಲ್ಲ. ಅಂದು ಅಣ್ಣನೊಡನೆ ಮುರಿದ ಮಾತುಕತೆ ಇಂದಿಗೂ ಕೂಡಿಲ್ಲ.

“ನಾನೇ ಅಡಗಿ ಕೂತಿದ್ದಂಥ ಮನೆ! ನಂಗೇ ಹೊಳೀಲಿಲ್ಲ ನೋಡಿ. ಇದು ಕಳ್ಳರ ಓಲೆಯಲ್ಲ, ನನ್ನಂಥವಳಿಗೆ ಬರೆದದ್ದು!”

ಅಷ್ಟರಲ್ಲಿ ಪ್ರದರ್ಶನದ ಖರ್ಚು ಹೊತ್ತ ಹಾಜಿ ಪಲಲ್ಲೊ ಒಳಬರುತ್ತಾರೆ. ಹಕ್ಕಿಗೂಡಿನ ವ್ಯಾಪಾರಿ. ಖಾಲಿ ಫಲಕ ನೋಡಿ ಅವರ ಮುಖ ಸಣ್ಣದಾಗುತ್ತದೆ. ಬೆಸ್ಸೆ ಹೊಸ ಅರ್ಥ ಹೇಳುತ್ತಾರೆ.

“ಗೂಡು ಅಂತಲೇ ಇರ್ಲಿ ಇಂದೋ,” ಬೆಸ್ಸೆಯನ್ನು ‘ತಾಯೇ’ ಎಂದು ಕರೆದು ಹಾಜಿ ಓಲೈಸುತ್ತಾರೆ. “ಅದಕ್ಕೇ ಅಲ್ವಾ ನಾನು ದುಡ್ಡು ಹಾಕಿದ್ದು? ಕೆಳಗೆ ನಿಮ್ಮ ಹೆಸರು ದಪ್ಪಕ್ಷರದಲ್ಲಿ ಹಾಕಿಸ್ತೀನಿ. ಇಲ್ಲೀತನಕ ಯಾರಾದ್ರೂ ಹಾಕಿದ್ರಾ?”

ಯಾರೂ ಹಾಕಿಲ್ಲ. ಬೆಸ್ಸೆ ಬಿಡಿಸಿದ ಒಂದು ಓಲೆಯ ಕೆಳಗೂ ಅವರ ಹೆಸರಿಲ್ಲ. ಅವರು ಬಹಾರ್ ಕೈಯಿಂದ ಅಂಟಿನ ಡಬ್ಬಿ ತೆಗೆದುಕೊಳ್ಳುತ್ತಾರೆ.

“ಆ ಹುಡುಗಿಯನ್ನ ಕರೆದಿದ್ದು ಹಕ್ಕಿಗೂಡಿಗಲ್ಲ, ಹಾಜಿ. ನಿಮ್ಮ ದಪ್ಪಕ್ಷರ ನಂಗೆ ಬೇಡ.”