ಪುಟದಲ್ಲಿಲ್ಲದ ಸ್ನೇಹಿತರು

ನಾಚಿಕೆ ಬಿಟ್ಟು ಹೇಳಿಬಿಡುತ್ತೇನೆ: ಬೈಬಲ್ ಓದುವುದು ಹೇಗೆಂದು ನಾನು ಕಲಿತದ್ದು ಅರವತ್ತಮೂರನೆಯ ವಯಸ್ಸಿನಲ್ಲಿ. ಅದಕ್ಕೆ ಮೊದಲು ಇಪ್ಪತ್ತೆರಡು ವರ್ಷ, ಯಲಹಂಕದ ನಮ್ಮ ಪುಟ್ಟ ಚರ್ಚಿನ ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಅದನ್ನೇ ಕಲಿಸಿದ್ದೆ. ಕಲಿಸುವವನು ಕಲಿತಿರಲೇಬೇಕೆಂಬ ನಿಯಮ ನಮ್ಮಲ್ಲಿ ಎಲ್ಲಿದೆ, ಹೇಳಿ!

ನನ್ನ ಓದಿನ ಚರಿತ್ರೆಯನ್ನು ನನ್ನ ಬೈಬಲ್ಲೇ ಸಾರುತ್ತದೆ. ಪ್ರತಿ ಜನವರಿಯಲ್ಲೂ ಮೊದಲಿಂದ ಕೊನೆಯವರೆಗೆ ಓದುವ ಸಂಕಲ್ಪ. ಹಾಗಾಗಿ ಸೃಷ್ಟಿಯ ಕಥೆಯ ಪುಟಗಳೆಲ್ಲ ಕೆಂಪು ಪೆನ್ಸಿಲ್ಲಿನ ಗೆರೆಗಳಿಂದ ಗಾಯಗೊಂಡಿವೆ. ಯಾಜಕರ ನಿಯಮಗಳು ಶುರುವಾಗುವ ಕಡೆಯಿಂದ ಹಾಳೆಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡಿವೆ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎನ್ನುತ್ತಾರೆ. ನನ್ನಲ್ಲಿ ಆ ಒಕ್ಕಾಲಿಗೂ ಕೊರತೆ. ಇನ್ನೊಂದನ್ನು ಹೇಳಲು ಮತ್ತಷ್ಟು ಸಂಕೋಚ. ನಾನು ಹೊಟ್ಟೆ ಹೊರೆದದ್ದು ಪ್ರೆಸ್ಸೊಂದರಲ್ಲಿ ಪ್ರೂಫ್ ನೋಡಿ. ಪುಟದಲ್ಲಿ ಇರುವುದನ್ನು ಮಾತ್ರ ನೋಡಬೇಕು, ಇರಬೇಕಾದದ್ದನ್ನು ಊಹಿಸಬಾರದು ಎಂಬುದೇ ಆ ಕಸುಬಿನ ಮೊದಲ ಪಾಠ. ಊರವರ ಲಗ್ನಪತ್ರಿಕೆಗಳಲ್ಲಿ ಬಿಟ್ಟುಹೋದ ಒತ್ತಕ್ಷರ ಹಿಡಿದ ಕಣ್ಣಿಗೆ ದೇವರ ಪುಸ್ತಕದಲ್ಲಿ ಮಾತ್ರ ಭಾನುವಾರದ ರಜೆ.

ಕಳೆದ ವರ್ಷ ಗ್ರೇಸ್ ಎಂಬ ನರ್ಸ್ ಶನಿವಾರ ಮಧ್ಯಾಹ್ನಗಳಲ್ಲಿ ಬೈಬಲ್ ಅಧ್ಯಯನದ ತರಗತಿ ಶುರುಮಾಡಿದಳು. ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿನಿ. ಅವಳ ಕ್ರಮ ಸರಳ. ನೋಟ್‌ಬುಕ್ಕಿನ ಹಾಳೆಯಲ್ಲಿ ಮೂರು ಕಾಲಂ. ಪಠ್ಯದಲ್ಲಿ ಏನಿದೆ ಎಂಬುದು ಮೊದಲನೆಯದು, ಅದರ ಅರ್ಥವೇನು ಎಂಬುದು ಎರಡನೆಯದು, ನಾನೇನು ಮಾಡಬೇಕು ಎಂಬುದು ಕೊನೆಯದು.

"ಮೊದಲ್ನೇದು ತುಂಬೋವರೆಗೂ ಎರಡನೇದಕ್ಕೆ ಕೈ ಹಾಕ್ಬೇಡಿ ಅಂಕಲ್," ಎಂದು ನನಗೇ ವಿಶೇಷವಾಗಿ ಹೇಳಿದಳು. ನಾನು ಐದು ನಿಮಿಷದಲ್ಲಿ ಮೂರನ್ನೂ ತುಂಬಿ ಫ್ಯಾನು ನೋಡುತ್ತಾ ಕೂತೆ. ಕೊನೆಯ ಕಾಲಂನಲ್ಲಿ ನಾನು ಮಾಡಬೇಕಾದದ್ದಕ್ಕಿಂತ ಬೇರೆಯವರು ಮಾಡಬೇಕಾದದ್ದೇ ಹೆಚ್ಚಿತ್ತು.

ಅಂದಿನ ಭಾಗ, ಲಕ್ವ ಹೊಡೆದವನೊಬ್ಬನನ್ನು ನಾಲ್ವರು ಹೊತ್ತು ತಂದದ್ದು. ಯೇಸು ಇದ್ದ ಮನೆಯಲ್ಲಿ ಜನ ಕಿಕ್ಕಿರಿದಿದ್ದರಿಂದ ಅವರು ಮಾಳಿಗೆ ಬಿಚ್ಚಿ ರೋಗಿಯನ್ನು ಒಳಗಿಳಿಸುತ್ತಾರೆ. ನಾನು ಎದ್ದು ನಿಂತು, ಆ ನಾಲ್ವರು ಸ್ನೇಹಿತರನ್ನು ಹಿಡಿದು ಸ್ನೇಹದ ಮಹಿಮೆಯ ಬಗ್ಗೆ ಹತ್ತು ನಿಮಿಷ ಮಾತಾಡಿದೆ. ನಡುವೆ ಏರ್‌ಬೇಸಿನ ವಿಮಾನವೊಂದು ಗುಡುಗಿತು. ಅದು ಹೋಗುವತನಕ ತಡೆದು ಮುಂದುವರಿಸಿದೆ.

ಆಗ ರಾಜಮ್ಮ ಕೈಯೆತ್ತಿದರು. ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುವ ಹೆಂಗಸು. ಅಕ್ಷರ ಕಲಿತದ್ದು ನಲವತ್ತು ದಾಟಿದ ಮೇಲೆ. ಪ್ರತಿ ಪದದ ಕೆಳಗೂ ಬೆರಳಿಟ್ಟು ಓದುತ್ತಾರೆ.

"ಸಾರ್, ಸ್ನೇಯಿತ್ರು ಅಂತ ಇಲ್ಲೆಲ್ಲೂ ಇಲ್ವಲ್ಲ?"

"ರಾಜಮ್ಮ, ಮೊದ್ಲು ಒಂದು ಕನ್ನಡಕ ಮಾಡಿಸ್ಕೊಳ್ಳಿ. ಆಮೇಲೆ ಬೈಬಲ್ ಓದೀರಂತೆ," ಎಂದೆ.

ಎಲ್ಲರೂ ನಕ್ಕರು. ರಾಜಮ್ಮನೂ ನಕ್ಕು ಕೂತರು. ನಾನೂ ಕೂತು, ಮೆಲ್ಲಗೆ ಪುಟ ನೋಡಿದೆ. 'ನಾಲ್ಕು ಜನ' ಎಂದಷ್ಟೇ ಇತ್ತು. ಹಿಂದೆ ನೋಡಿದೆ, ಮುಂದೆ ನೋಡಿದೆ, ಸ್ನೇಹಿತರ ಸುಳಿವಿಲ್ಲ. ಆ ಕ್ಷಣ ಬಾಯಿಬಿಟ್ಟಿದ್ದರೆ ಮುಗಿಯುತ್ತಿತ್ತು. ಪುಸ್ತಕ ಮುಚ್ಚಿದೆ. ಕೊನೆಯ ಪ್ರಾರ್ಥನೆಯನ್ನೂ ನಾನೇ ಮಾಡಿದೆ. ಅದರಲ್ಲಿ, ಕೇಳಿ, ದೀನತೆಯನ್ನು ಬೇಡಿದೆ.

ಮುಂದಿನ ಎರಡು ಶನಿವಾರ ರಾಜಮ್ಮ ಬರಲಿಲ್ಲ. ಖಾಲಿ ಕುರ್ಚಿ ನನ್ನ ಕಡೆಗೇ ತಿರುಗಿ ಕೂತಂತಿತ್ತು. ಕೊನೆಗೆ ಬಸ್ಸು ಹತ್ತಿ ಹುಣಸಮಾರನಹಳ್ಳಿಗೆ ಹೋದೆ. ಮೂರನೇ ಮಹಡಿಯ ಒಂದು ಕೋಣೆ. ಮಂಚದ ಮೇಲೆ ಅವರ ಗಂಡ ಕೂತಿದ್ದರು. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಕ್ಷಮೆ ಕೇಳುವ ಮಾತನ್ನು ನಾನು ಜೋಡಿಸಿಕೊಳ್ಳುವಷ್ಟರಲ್ಲಿ ರಾಜಮ್ಮ ಕೈ ಒರೆಸಿಕೊಳ್ಳುತ್ತಾ ಬಂದರು. ಮೂಗಿನ ಮೇಲೆ ಹೊಸ ಕನ್ನಡಕ.

"ನೀವ್ ಏಳಿದ್ರಲ್ಲ ಸಾರ್, ಅದಕ್ಕೇ ಮಾಡಿಸ್ಕಂಡೆ. ಕಣ್ ತೋರ್ಸಕ್ಕೆ ಒಂದ್ ಶನಿವಾರ ಓಯ್ತು, ಇಸ್ಕಂಡು ಬರಕ್ಕೆ ಇನ್ನೊಂದು. ಈಗ ಅಕ್ಷರ ಚೆನ್ನಾಗಿ ಕಾಣ್ತದೆ. ಆದ್ರೂ ಆ ಮಾತು ಸಿಗ್ಲಿಲ್ಲ ಸಾರ್. ನಿಮ್ ಬುಕ್ನಾಗೆ ಐತೇನೋ?"

ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು. ಮೂರನೇ ಮಹಡಿಯಲ್ಲಿ ಭೂಮಿಗಾದರೂ ಅದು ಸುಲಭವೇ?

"ನನ್ನ ಬುಕ್ಕಲ್ಲೂ ಇಲ್ಲ ರಾಜಮ್ಮ. ಗೇಲಿ ಮಾಡಿದ್ನಲ್ಲ, ಆವತ್ತೇ ನೋಡ್ಕೊಂಡೆ. ಬಾಯಿ ಬಿಡ್ಲಿಲ್ಲ. ತಪ್ಪಾಯ್ತು."

ರಾಜಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಆಮೇಲೆ ಗಂಡನ ಕಡೆ ನೋಡಿ ಹೇಳಿದರು: "ಇವ್ರಿಗೆ ಲಕ್ವ ಒಡೆದಾಗ ಈ ಮೆಟ್ಲು ಇಳ್ಸಿದ್ದು ನಾಲ್ಕ್ ಜನ. ಎದುರ್ಗೆ ಕಟ್ಟಡ ಕಟ್ತಿದ್ದೋರು. ಯಾವೂರೋ, ಯಾವ್ ಬಾಸೆಯೋ. ಇವ್ರಿಗೆ ಸ್ನೇಯಿತ್ರು ಬೇಕಾದಷ್ಟು ಇದ್ರು ಸಾರ್. ಆವತ್ತು ಒಬ್ರೂ ಇರ್ಲಿಲ್ಲ. ಅದಕ್ಕೇ ಕೇಳ್ದೆ."

ಕೊಟ್ಟ ಕಾಫಿಯನ್ನು ಕುಡಿದೆ. ಹೊರಡುವಾಗ ಆ ಮೆಟ್ಟಿಲುಗಳನ್ನು ಒಂದೊಂದಾಗಿ ಎಣಿಸುತ್ತಾ ಇಳಿದೆ.

ಮುಂದಿನ ಶನಿವಾರ ಎಲ್ಲರೆದುರು ನಿಂತು ನಡೆದದ್ದನ್ನು ಹೇಳಿದೆ, ಪ್ರಾರ್ಥನೆಯ ಸಂಗತಿಯನ್ನೂ ಬಿಡದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಸ್ವಲ್ಪ ಹಗುರವಾಗುತ್ತಿತ್ತೇನೋ. ಗ್ರೇಸ್ ತಲೆ ಬಗ್ಗಿಸಿಕೊಂಡಿದ್ದಳು; ನಾಲ್ವರು ಸ್ನೇಹಿತರ ಕಥೆಯನ್ನು ಭಾನುವಾರದ ಶಾಲೆಯಲ್ಲಿ ನನ್ನಿಂದಲೇ ಕಲಿತ ಅವಳೂ ಅದನ್ನು ಎಲ್ಲೆಲ್ಲಿ ಹೇಳಿದ್ದಳೋ.

ರಾಜಮ್ಮ ಮತ್ತೆ ಕೈಯೆತ್ತಿದರು. "ಸಾರ್, ಮಾಳಿಗೆ ಕಿತ್ತಾಕಿದ್ರಲ್ಲ, ಆಮೇಲೆ ಅದ್ನ ಸರಿ ಮಾಡಿದ್ದು ಯಾರು?"

ಎಲ್ಲರೂ ನನ್ನ ಮುಖ ನೋಡಿದರು. ಬಾಯಿಗೆ ಬಂದ ಎರಡು ಉತ್ತರಗಳನ್ನು ನುಂಗಿಕೊಂಡು ಪುಟವನ್ನು ಮತ್ತೊಮ್ಮೆ ಓದಿದೆ.

"ಗೊತ್ತಿಲ್ಲ ರಾಜಮ್ಮ. ಬರೆದಿಲ್ಲ."

"ನಂಗೂ ಗೊತ್ತಿಲ್ಲ ಸಾರ್. ಅದಕ್ಕೇ ಕೇಳ್ದೆ," ಎಂದರು ಅವರು.

ಅಷ್ಟು ವರ್ಷ ಮಕ್ಕಳಿಗೆ ನಾನು ಹಾಕಿದ ಪ್ರಶ್ನೆಗಳೆಲ್ಲ ನನಗೆ ಉತ್ತರ ಗೊತ್ತಿದ್ದವೇ. ಉತ್ತರ ಗೊತ್ತಿಲ್ಲದೆಯೂ ಪ್ರಶ್ನೆ ಕೇಳಬಹುದೆಂದು ಒಬ್ಬರಾದರೂ ಮೊದಲೇ ಹೇಳಬಾರದಿತ್ತೇ?