ಬಣ್ಣಗಾರನ ಬಾಯಿಯ ವಾಸನೆ

"ಕುಡಿದು ಕುಡಿದು ಸತ್ತ ಕಣ್ರೀ. ಕೈ ಬಂಗಾರದ್ದು, ಬಾಯಿ ಕೆಟ್ಟದ್ದು."

ಪೀಣ್ಯದ ನಮ್ಮ ಶೆಡ್ಡುಗಳ ಸಾಲಿನಲ್ಲಿ ಯಾರನ್ನು ಕೇಳಿದರೂ ನನ್ನ ಬಣ್ಣಗಾರನ ಸಾವಿನ ಕಥೆ ಈ ಎರಡು ಮಾತಿನಲ್ಲಿ ಮುಗಿಯುತ್ತದೆ. ಹೇಳುವವರು ಕೆಟ್ಟವರಲ್ಲ. ಅವರಲ್ಲಿ ಇಬ್ಬರು ಅವನನ್ನು ತಮ್ಮ ಕೈಯಾರೆ ಎತ್ತಿ ಆಟೋದಲ್ಲಿ ಮಲಗಿಸಿದವರು. ಮೂಗಿಗೆ ತಿಳಿದದ್ದನ್ನು ಅವರು ಹೇಳುತ್ತಿದ್ದಾರೆ, ಅಷ್ಟೆ. ಕೆಲವು ತಿಂಗಳ ಕಾಲ ನಾನೂ ಅದನ್ನೇ ನಂಬಿದ್ದೆ. ನಂಬುವುದು ನನಗೆ ಅನುಕೂಲವಾಗಿತ್ತು. ಈಗ ಒಪ್ಪುವುದಿಲ್ಲ.

ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಎರಕದ ಕಾರ್ಖಾನೆಯೊಂದರಲ್ಲಿ ಮರದ ಅಚ್ಚುಗಳನ್ನು ಕೆತ್ತುತ್ತ ಕೈ ಪಳಗಿತು. ಆ ಕಾರ್ಖಾನೆ ಮುಚ್ಚಿದ ಮೇಲೆ ಅದೇ ಉಳಿಗಳನ್ನು ಹಿಡಿದುಕೊಂಡು, ನಾಗಸಂದ್ರಕ್ಕೆ ಹೋಗುವ ದಾರಿಯ ಒಂದು ಶೆಡ್ಡಿನಲ್ಲಿ ಯುದ್ಧವಿಮಾನಗಳ ಮಾದರಿ ಮಾಡಲು ಕುಳಿತೆ. ನಿವೃತ್ತರಾಗುವ ವಾಯುಪಡೆಯ ಅಧಿಕಾರಿಗಳು, ಅವರ ಮಕ್ಕಳು, ವಿಮಾನದ ಬಿಡಿಭಾಗ ತಯಾರಿಸುವ ಕಂಪನಿಗಳವರು ನಮ್ಮ ಗಿರಾಕಿಗಳು. ಅಂಗಡಿಯಲ್ಲಿ ಸಿಗುವ ಮಾದರಿ ಇವರಿಗೆ ಬೇಡ. ತಾವು ಹಾರಿಸಿದ ಆ ಒಂದೇ ವಿಮಾನ ಬೇಕು: ಬಾಲದ ಮೇಲೆ ಅದೇ ಸಂಖ್ಯೆ, ಹೊಸದಾಗಿ ಹಾಕಿದ ತಗಡು ಉಳಿದ ಮೈಗಿಂತ ತಿಳಿಯಾಗಿ ಕಾಣುವ ಅದೇ ಜಾಗ, ಫಿರಂಗಿಯ ಬಾಯಿಯಿಂದ ಹಿಂದಕ್ಕೆ ಹರಿದ ಅದೇ ಮಸಿಯ ಗೆರೆ. ಗೇಣುದ್ದದ ಮೈಯಲ್ಲಿ ಇವೆಲ್ಲವೂ ಬರಬೇಕು.

ನೆನಪನ್ನು ಸಾಕ್ಷಿಯಿಲ್ಲದೆ ನಂಬಬಾರದೆಂದು ಈ ಕೆಲಸವೇ ನನಗೆ ಕಲಿಸಿತು. ಒಬ್ಬ ಹಿರಿಯ ಅಧಿಕಾರಿ ತಮ್ಮ ವಿಮಾನದ ಮೂತಿ ಕಪ್ಪಗಿತ್ತೆಂದು ಹಟ ಹಿಡಿದರು. ಅವರೇ ತಂದ ಫೋಟೋದಲ್ಲಿ ಅದು ಕಡುಹಸಿರು. "ಓಡಿಸಿದವನು ನಾನೋ ನೀವೋ?" ಎಂದರು. "ಓಡಿಸುವಾಗ ನೀವು ಒಳಗೆ ಕೂತಿದ್ರಿ ಸಾರ್. ಮೂತಿ ನೋಡಿದ್ದು ಕ್ಯಾಮೆರಾ" ಎಂದೆ. ಹಸಿರನ್ನೇ ಬಳಿದೆವು. ಅಂದಿನಿಂದ ಯಾರು ಏನು ಹೇಳಿದರೂ ಫೋಟೋ ಕೇಳುವವನು ಎಂಬ ಹೆಸರು ನನಗೆ ಬಂತು. ಆ ಹೆಸರಿನ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಬಣ್ಣಗಾರ ಗದಗದ ಕಡೆಯವನು. ಊರೂರು ತಿರುಗಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದವನು. ಫ್ಲೆಕ್ಸ್ ಬಂದು ಆ ಕೆಲಸ ಹೋದ ಮೇಲೆ ಹೆಂಡತಿ ಮಗಳೊಡನೆ ಇಲ್ಲಿಗೆ ಬಂದು, ಒಂದು ಬಾಡಿಗೆ ಕೋಣೆ ಹಿಡಿದಿದ್ದ. ಹೆಂಡತಿ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಳು. ಅಕ್ಕಿಕಾಳಿನ ಅಗಲದಲ್ಲಿ ಅವನು ಎರಡು ಸಾಲು ಎಚ್ಚರಿಕೆಯ ಬರಹ ಬರೆಯಬಲ್ಲವನಾಗಿದ್ದ. "ಮೊದಲ ಏಣಿ ಹತ್ತಿ ಬರೀತಿದ್ನ್ರಿ ಯಜಮಾನ್ರ. ಈಗ ಉಸಿರು ಹಿಡದು ಬರೀತೀನಿ" ಎಂದು ನಗುತ್ತಿದ್ದ.

ನಮ್ಮ ಕೆಲಸದ ಕೊನೆಯ ಹಂತವನ್ನು ಇಲ್ಲಿ ವಿವರಿಸಬೇಕು. ಬಣ್ಣ, ಅಕ್ಷರ, ಮಸಿ ಎಲ್ಲ ಆದ ಮೇಲೆ ಮಾದರಿಯ ಮೇಲೆ ಗಾಜಿನಂಥ ಒಂದು ಪಾರದರ್ಶಕ ಲೇಪವನ್ನು ಗನ್ನಿನಿಂದ ಸಿಂಪಡಿಸುತ್ತೇವೆ. ಎರಡು ಡಬ್ಬಿಗಳ ದ್ರವವನ್ನು ಬೆರೆಸಿದಾಗ ಅದು ಸಿದ್ಧವಾಗುತ್ತದೆ. ಎರಡನೆಯದು ಅದನ್ನು ಗಟ್ಟಿಯಾಗಿಸುವ ಹಾರ್ಡ್‌ನರ್. ಹಸಿ ಲೇಪದ ಮೇಲೆ ಒಂದು ಧೂಳಿನ ಕಣ ಕೂತರೂ ಗೇಣುದ್ದದ ವಿಮಾನದಲ್ಲಿ ಅದು ಕಲ್ಲುಗುಂಡಿನಂತೆ ಕಾಣುತ್ತದೆ. ನಮ್ಮ ಪಕ್ಕದ್ದು ಕಬ್ಬಿಣ ಉಜ್ಜುವ ಗ್ರೈಂಡಿಂಗ್ ಶೆಡ್ಡು. ಆದ್ದರಿಂದ ನಾನೊಂದು ನಿಯಮ ಮಾಡಿದ್ದೆ. ಲೇಪ ಹಾಕುವಾಗ ಹಿಂದಿನ ಸಣ್ಣ ಕೋಣೆಯ ಬಾಗಿಲು ಮುಚ್ಚಬೇಕು. ನೆಲಕ್ಕೆ ನೀರು ಚಿಮುಕಿಸಬೇಕು. ಫ್ಯಾನು ನಿಲ್ಲಿಸಬೇಕು. ಹಾಕಿದವನು ಹೊರಗೆ ಬರಕೂಡದು, ಬಂದರೆ ಬಾಗಿಲು ತೆರೆದಂತಾಗುತ್ತದೆ. ಲೇಪ ಆರುವವರೆಗೆ ಒಳಗೇ ಕುಳಿತು, ಎಲ್ಲಾದರೂ ಎಳೆ ಬಿದ್ದರೆ ಚಿಮಟದಿಂದ ಎತ್ತಬೇಕು. ಇದನ್ನು ನಾವು ಕಾವಲು ಎನ್ನುತ್ತಿದ್ದೆವು. ಮೂಗಿಗೆ ಮಾಸ್ಕ್ ತಂದುಕೊಟ್ಟಿದ್ದೆ. ಆದರೆ ಮಾಸ್ಕ್ ಹಾಕಿದರೆ ಉಸಿರು ಮೇಲಕ್ಕೆ ನುಗ್ಗಿ ಹಣೆಗೆ ಕಟ್ಟಿದ ಭೂತಗನ್ನಡಿ ಮಂಜಾಗುತ್ತಿತ್ತು. ಎಳೆ ಕಾಣುತ್ತಿರಲಿಲ್ಲ. ಅವನು ಅದನ್ನು ಮೊಳೆಗೆ ತೂಗುಹಾಕಿದ. ನಾನು ನೋಡಿದೆ, ಏನೂ ಹೇಳಲಿಲ್ಲ. ಅವನ ಲೇಪದಲ್ಲಿ ಒಂದು ಕಣವೂ ಇರುತ್ತಿರಲಿಲ್ಲ.

ಎರಡನೆಯ ವರ್ಷ ಅವನಿಗೆ ಕೆಮ್ಮು ಹಿಡಿಯಿತು. ಸೋಮವಾರಗಳಲ್ಲಿ ಹೆಚ್ಚು. ಸಂಜೆ ಕಣ್ಣು ಕೆಂಪಾಗಿ, ಗೋಡೆ ಹಿಡಿದು ನಡೆಯುತ್ತಿದ್ದ. ಮೈಯಿಂದ ಸಿಹಿಯಾದ, ಅಮಲೇರಿಸುವಂಥ ಒಂದು ವಾಸನೆ ಬರುತ್ತಿತ್ತು. ಪಕ್ಕದ ಗ್ರೈಂಡಿಂಗ್‌ನವನು ಬಾಗಿಲಲ್ಲಿ ನಿಂತು ಕೆಣಕುತ್ತಿದ್ದ.

"ಏನ್ ಗುರು, ಭಾನುವಾರದ್ದು ಇನ್ನೂ ಇಳಿದಿಲ್ವಾ?"

"ಇಳದಿಲ್ಲ ಬಿಡೋ ಮಾರಾಯಾ. ನಿನಗೂ ಒಂದ್ ಗುಟುಕು ಉಳಿಸೇನಿ, ಬಾ" ಎನ್ನುತ್ತಿದ್ದ ಇವನು.

ಅದು ಹಾಸ್ಯವೆಂದು ಆಗ ಎಲ್ಲರಿಗೂ ಗೊತ್ತಿತ್ತು. ಅವನು ಸತ್ತ ಮೇಲೆ ಅದೇ ಮಾತು ಅವನ ಒಪ್ಪಿಗೆಯಾಗಿ ಸಾಲಿನಲ್ಲೆಲ್ಲ ಓಡಾಡಿತು.

ಅವನು ಬಿದ್ದದ್ದು ಒಂದು ಸೋಮವಾರ, ಊಟದ ಬಿಡುವಿನ ನಂತರ. ತ್ರಿಕೋನ ರೆಕ್ಕೆಯ ವಿಮಾನವೊಂದಕ್ಕೆ ಲೇಪ ಹಾಕಿ ಕಾವಲು ಕುಳಿತಿದ್ದ. ಒಳಗಿನಿಂದ ಸ್ಟೂಲು ಉರುಳಿದ ಸದ್ದಾಯಿತು. ಬಾಗಿಲು ತೆರೆದಾಗ ಅವನು ನೆಲದ ನೀರಿನಲ್ಲಿ ಬಿದ್ದು, ಕತ್ತಿನ ನರಗಳು ಉಬ್ಬಿ, ಗಾಳಿಯನ್ನು ಕಚ್ಚಲು ನೋಡುವವನಂತೆ ಬಾಯಿ ತೆರೆಯುತ್ತಿದ್ದ. ಗ್ರೈಂಡಿಂಗ್‌ನವನೂ ಅವನ ಜೊತೆಗಾರನೂ ಎತ್ತಿ ಆಟೋದಲ್ಲಿ ಹಾಕಿದರು. ತಲೆ ನನ್ನ ತೊಡೆಯ ಮೇಲಿತ್ತು. "ಬೆಳಿಗ್ಗೇನೇ ಎಣ್ಣೆ ಹೊಡೆದಿದಾನೆ ಸಾರ್, ನೋಡಿ ಹೆಂಗೆ ನಾರ್ತಿದಾನೆ" ಎಂದ ಗ್ರೈಂಡಿಂಗ್‌ನವನು. ಅದೇ ವಾಸನೆ ನನ್ನ ಮೂಗಿಗೂ ಬಡಿಯುತ್ತಿತ್ತು. ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಒಬ್ಬ ಚಿಕ್ಕ ವಯಸ್ಸಿನ ವೈದ್ಯೆ ಅವನ ಮುಖದ ಹತ್ತಿರ ಬಗ್ಗಿದಳು. "ಕುಡೀತಾರಾ ಇವರು?" ಎಂದು ಕೇಳಿದಳು. ಗ್ರೈಂಡಿಂಗ್‌ನವನು ಹೌದೆಂದ. ನಾನು ಮಾತಾಡಲಿಲ್ಲ. ಕತ್ತಲಾಗುವ ಮೊದಲೇ ಅವನು ತೀರಿಕೊಂಡ.

ಐದಾರು ತಿಂಗಳ ಮೇಲೆ ಅವನ ಹೆಂಡತಿ ಶೆಡ್ಡಿಗೆ ಬಂದಳು. ಗಾರ್ಮೆಂಟ್ಸ್‌ನ ರಜೆಯ ದಿನ. ಕುಳಿತುಕೊಳ್ಳಲು ಹೇಳಿದರೂ ಕೂರಲಿಲ್ಲ.

"ಒಂದ ಮಾತು ಕೇಳಾಕ ಬಂದೀನ್ರಿ. ಇಲ್ಲಿ ಕುಡೀತಿದ್ನೋ ಇಲ್ಲೋ, ಖರೇ ಹೇಳ್ರಿ."

ಅವನು ಹಿಂದೆ ಕುಡಿಯುತ್ತಿದ್ದ. ಅದನ್ನು ಆಕೆಯೂ ಮುಚ್ಚಿಡಲಿಲ್ಲ. ಬೆಂಗಳೂರಿಗೆ ಬರುವ ಮುನ್ನ ಮಗಳ ತಲೆಯ ಮೇಲೆ ಕೈಯಿಟ್ಟು, ಊರ ದೇವಿಯ ಮುಂದೆ, ಇನ್ನು ಮುಟ್ಟುವುದಿಲ್ಲವೆಂದು ಆಣೆ ಮಾಡಿದ್ದನಂತೆ. ಈಗ ಮಗಳಿಗೆ ಬಿಟ್ಟು ಬಿಟ್ಟು ಜ್ವರ. ಅಪ್ಪ ಮುರಿದ ಆಣೆ ಮಗುವಿನ ಮೇಲೆ ಬಿದ್ದಿದೆ, ಕರೆತಂದು ತಪ್ಪುಕಾಣಿಕೆ ಸಲ್ಲಿಸು ಎಂದು ಅತ್ತೆ ಊರಿನಿಂದ ದಿನವೂ ಫೋನು ಮಾಡುತ್ತಿದ್ದಳು.

"ಕಾಣಿಕಿ ಕೊಟ್ರ ಏನಾಗತೈತಿ? ಕೊಟ್ಟುಬಿಡಮ್ಮ" ಎಂದು, ಅವಳ ಮಾತಿನ ಧಾಟಿಯಲ್ಲೇ, ಸಮಾಧಾನ ಮಾಡಲು ನೋಡಿದೆ.

"ಕೊಡೂದಂದ್ರ ಊರ ಮುಂದ ನಿಂತು ನನ್ನ ಗಂಡ ಆಣಿ ಮುರದಾನಂತ ಹೇಳಬೇಕ್ರಿ. ಮಗಳು ಪಕ್ಕದಾಗ ನಿಂತು ಕೇಳಬೇಕು. ಅವ ಮುರದಿದ್ರ ಹೇಳ್ತೀನಿ. ಮುರೀದಿದ್ರ ಹೆಂಗ್ ಹೇಳ್ಲಿ? ಕಡೀ ಆರು ತಿಂಗಳು ನಾನೂ ಅವನ್ನ ನಂಬ್ಲಿಲ್ಲ. ಮೈ ನಾರತಿತ್ತು, ಬಾಗಲದಾಗ ಮಲಗಸ್ತಿದ್ದೆ."

ಅವನು ಕುಡಿದದ್ದನ್ನು ನಾನು ಕಂಡಿಲ್ಲ ಎಂದೆ. ಕಾಣದಿದ್ದರೆ ಇಲ್ಲವೆಂದು ಅರ್ಥವಲ್ಲ ಎಂದು ಆಕೆಗೂ ಗೊತ್ತಿತ್ತು. ಆಗ, ಹಳೆಯ ಚಾಳಿಯಿಂದ, ನಾನೇ ಪ್ರಶ್ನೆ ಕೇಳತೊಡಗಿದೆ. ಕೆಮ್ಮು ಯಾವ ದಿನ ಹೆಚ್ಚು? ಸೋಮವಾರ ಸಂಜೆ, ಎಂದಳು. ಭಾನುವಾರ? ಭಾನುವಾರ ಸಂಜೆಗೆ ಹಗುರ, ಮಗಳನ್ನು ಹೆಗಲ ಮೇಲೆ ಹೊತ್ತುಕೊಂಡು ಮೆಟ್ರೋ ತೋರಿಸಲು ಹೋಗುತ್ತಿದ್ದ. ತಂಗಿಯ ಮದುವೆಗೆ ಊರಿಗೆ ಹೋದ ಹತ್ತು ದಿನ? "ಒಂದ್ ಸರ್ತಿನೂ ಕೆಮ್ಮಲಿಲ್ರಿ." ಊರಿನಲ್ಲಿ, ಮದುವೆಯಲ್ಲಿ, ಹಳೆಯ ಗೆಳೆಯರ ನಡುವೆ ಆರೋಗ್ಯ, ಬಂದು ಮೊದಲ ಕಾವಲಿಗೆ ಕುಳಿತ ದಿನ ಉಬ್ಬಸ. ಕುಡಿತದ ಕಾಯಿಲೆಯಾಗಿದ್ದರೆ ಲೆಕ್ಕ ತಿರುಗುಮುರುಗಾಗಿರಬೇಕಿತ್ತು.

ಆಕೆ ಹೋದ ಮೇಲೆ ಹಾರ್ಡ್‌ನರಿನ ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಅವನ ಭೂತಗನ್ನಡಿಯಲ್ಲಿಯೇ ಅದರ ಹಿಂಬದಿಯ ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ನಿಘಂಟು ಇಟ್ಟುಕೊಂಡು ಓದಿದೆ. ಇಷ್ಟು ವರ್ಷ ತರಿಸಿದ್ದು ನಾನು. ಓದಿದ್ದು ಅಂದೇ ಮೊದಲು. ಇದರ ಆವಿಯಿಂದ ಉಬ್ಬಸ ಬರಬಹುದು, ಒಮ್ಮೆ ಮೈಗೆ ಒಗ್ಗದೆ ಹೋದವರು ಮತ್ತೆ ಇದರ ಹತ್ತಿರ ಬರಬಾರದು, ಗಾಳಿಯಾಡುವ ಜಾಗದಲ್ಲಿ ಮಾತ್ರ ಬಳಸಬೇಕು ಎಂದಿತ್ತು. ಬಾಗಿಲು ಮುಚ್ಚಿ, ಫ್ಯಾನು ನಿಲ್ಲಿಸಿ, ಅಲುಗದೆ ಕೂತಿರು ಎಂದವನು ನಾನು. ಊರವರ ಮಾತನ್ನೆಲ್ಲ ಪರೀಕ್ಷಿಸುವವನು ನನ್ನ ನಿಯಮವನ್ನು ಮಾತ್ರ ಪರೀಕ್ಷಿಸಿರಲಿಲ್ಲ. ಕುಡಿತದ ಕಥೆ ಅವನ ಹೆಸರನ್ನು ಕೆಡಿಸಿದಷ್ಟೇ ಭದ್ರವಾಗಿ ನನ್ನ ಹೆಸರನ್ನು ಕಾಪಾಡುತ್ತಿತ್ತು.

ಮುಂದಿನ ವಾರ ನಾನೇ ಅವಳ ಕೋಣೆಗೆ ಹೋದೆ. ಡಬ್ಬಿಯ ವಿಷಯ ಹೇಳಿದೆ, ನಿಯಮದ ವಿಷಯವನ್ನೂ ಹೇಳಿದೆ. ಆಕೆ ಬೈಯಲಿಲ್ಲ. ಬಹಳ ಹೊತ್ತು ಗ್ಯಾಸ್ ಒಲೆಯ ಮೇಲಿನ ಕಲೆಯೊಂದನ್ನು ಉಗುರಿನಿಂದ ಕೆರೆಯುತ್ತಿದ್ದಳು. ಆಮೇಲೆ, "ಅದು ಹೆಂಗ್ ಸತ್ತ ಅನ್ನೂದಾತು. ಕುಡದಿದ್ನೋ ಇಲ್ಲೋ ಅನ್ನೂದು ಅದರಾಗ ಎಲ್ಲೈತ್ರಿ?" ಎಂದಳು. ಸರಿಯಾದ ಪ್ರಶ್ನೆ.

ಆಸ್ಪತ್ರೆಯ ಕಾಗದಗಳೇನಾದರೂ ಇವೆಯೇ ಎಂದು ಕೇಳಿದೆ. ಟ್ರಂಕಿನಿಂದ ಪ್ಲಾಸ್ಟಿಕ್ ಚೀಲವೊಂದನ್ನು ತೆಗೆದುಕೊಟ್ಟಳು. ಎಲ್ಲ ಇಂಗ್ಲಿಷಿನಲ್ಲಿದ್ದುದರಿಂದ ಯಾರೂ ಓದಿರಲಿಲ್ಲ. ಮೊದಲು ಸಿಕ್ಕಿದ್ದು ಅವನು ಸಾಯುವ ನಾಲ್ಕು ತಿಂಗಳು ಮೊದಲಿನ ಒಂದು ಚೀಟಿ. ತಾನೊಬ್ಬನೇ ಎದೆರೋಗದ ವಿಭಾಗಕ್ಕೆ ಹೋಗಿ ಬಂದಿದ್ದ. ಅಲ್ಲಿನ ವೈದ್ಯರು ಕೆಲಸ ಕೊಟ್ಟವರಿಗೆಂದು ಬರೆದಿದ್ದರು: ಇವರನ್ನು ಬಣ್ಣ ಸಿಂಪಡಿಸುವ ಕೆಲಸದಿಂದ ಬಿಡಿಸಿ ಬೇರೆ ಕೆಲಸಕ್ಕೆ ಹಾಕಬೇಕು. ಕೆಲಸ ಕೊಟ್ಟವನು ನಾನು. ಆ ಚೀಟಿ ನನಗೆ ತಲುಪಿರಲಿಲ್ಲ.

"ಇದನ್ನ ಯಾಕೆ ತಂದುಕೊಡ್ಲಿಲ್ಲ?"

"ಏನ್ ಬರದಾರ ಅಂತ ಡಾಕ್ಟರು ಬಾಯಿಲೆ ಹೇಳಿದ್ರಂತ. ಕೊಟ್ರ ಯಜಮಾನ್ರು ಬ್ಯಾರೆ ಕೆಲಸ ಎಲ್ಲಿಂದ ಕೊಡ್ತಾರ, ಮನೀಗೆ ಕಳಸ್ತಾರ ಅಂದ. ಈ ಕೆಲಸ ಹೋದ್ರ ಕುಂಚ ಹಿಡಿಯೂದ ಹೋಗತೈತಿ ಅಂದ. ಕುಡಿಯೂದು ಮುಚ್ಚಾಕ ನೆಪ ಹೇಳ್ತಾನಂತ ನಾ ತಿಳದೆ."

ಚೀಟಿ ಕೈಗೆ ಬಂದಿದ್ದರೆ ಬಾಗಿಲು ತೆರೆಸುತ್ತಿದ್ದೆ, ಅವನಿಗೆ ಅಕ್ಷರದ ಕೆಲಸವನ್ನು ಮಾತ್ರ ಉಳಿಸುತ್ತಿದ್ದೆ ಎಂದು ಬರೆಯಲು ಮನಸ್ಸಾಗುತ್ತದೆ. ಇದಕ್ಕೂ ಸಾಕ್ಷಿಯಿಲ್ಲ. ಆ ತಿಂಗಳು ನಾಲ್ಕು ವಿಮಾನಗಳ ಗಡುವಿತ್ತು.

ಚೀಲದ ತಳದಲ್ಲಿ ಗುಲಾಬಿ ಬಣ್ಣದ ಹಾಳೆಯೊಂದು ಮಡಚಿಕೊಂಡಿತ್ತು. ಕೊನೆಯ ದಿನ ತುರ್ತು ವಿಭಾಗದಲ್ಲಿ ಬರೆದದ್ದು, ಕಾರ್ಬನ್ ಪ್ರತಿ. ಆ ವೈದ್ಯೆಯ ಕೈಬರಹ. ಒಂದೊಂದೇ ಪದ ಬಿಡಿಸಿ ಓದಿ, ಕನ್ನಡದಲ್ಲಿ ಹೇಳಿದೆ. ಆಕೆ "ಇನ್ನೊಮ್ಮೆ ಓದ್ರಿ" ಎಂದಳು. ಓದಿದೆ. ಗೋಡೆಗೆ ಒರಗಿ ಕುಳಿತಳು. "ಹಂಗಾರ ಕಾಣಿಕಿ ಇಲ್ಲ" ಎಂದಳು. ಆಮೇಲೆ ಮೆಲ್ಲಗೆ, "ಬಾಗಲದಾಗ ಮಲಗಸ್ತಿದ್ದೆನಲ್ರಿ" ಎಂದು ಹೇಳಿ ಮುಖ ತಿರುಗಿಸಿದಳು.

ಅಂದೇ ಅತ್ತೆಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟಳು. ನಾನು ಓದಿ ಹೇಳಿದೆ. ಮುದುಕಿ ಕೊನೆಯವರೆಗೆ ಕೇಳಿ, "ಹಾಳಿ ಮ್ಯಾಲ ಏನರೆ ಬರಕೊಳ್ಳಲಿ ಬಿಡ್ರಿ. ದೇವಿಗೆ ಓದಾಕ ಬರಂಗಿಲ್ಲ" ಎಂದಳು. ಸೊಸೆ ಊರಿಗೆ ಹೋಗಲಿಲ್ಲ. ಮಗಳ ಜ್ವರ ಇನ್ನೂ ಪೂರ್ತಿ ಹೋಗಿಲ್ಲ, ಆಸ್ಪತ್ರೆಯಲ್ಲಿ ಪರೀಕ್ಷೆಗಳು ನಡೆದಿವೆ. ಗ್ರೈಂಡಿಂಗ್‌ನವನಿಗೂ ಹಾಳೆ ತೋರಿಸಿದೆ. "ಇರಬೋದು ಬಿಡಿ ಸಾರ್. ಸತ್ತೋದವನ ವಿಷ್ಯ ಈಗ್ಯಾಕೆ" ಎಂದ. ಸಾಲಿನಲ್ಲಿ ಹಳೆಯ ಕಥೆಯೇ ನಡೆಯುತ್ತಿದೆ.

ಮೂಲ ಹಾಳೆ ಆಕೆಯ ಟ್ರಂಕಿನಲ್ಲಿದೆ. ಅದರದೊಂದು ನೆರಳಚ್ಚು ನನ್ನ ಶೆಡ್ಡಿನಲ್ಲಿದೆ. ಬಂದು ಕೇಳಿದವರ ಕೈಗೆ ಕೊಡುತ್ತೇನೆ, ಓದಲು ಬಾರದವರಿಗೆ ಓದಿ ಹೇಳುತ್ತೇನೆ. ನಾಲ್ಕನೆಯ ಸಾಲು: "ಕರೆತಂದವರು ಮದ್ಯಪಾನದ ಅಭ್ಯಾಸವಿದೆ ಎನ್ನುತ್ತಾರೆ." ಐದನೆಯ ಸಾಲು: "ಉಸಿರಿನಲ್ಲಿ ಮದ್ಯದ ವಾಸನೆ ಇಲ್ಲ. ಬಟ್ಟೆ ಮತ್ತು ಕೈಗಳಲ್ಲಿ ಬಣ್ಣದ ದ್ರಾವಕದ ವಾಸನೆ." ಅದರ ಕೆಳಗೆ, ಮೇಲಿನದನ್ನು ಓದಿ ತಿಳಿದುಕೊಂಡಿದ್ದೇನೆ ಎಂದು ಅಚ್ಚಾದ ಜಾಗದಲ್ಲಿ, ಕರೆತಂದವರ ಪರವಾಗಿ ನನ್ನ ಸಹಿ ಇದೆ.